ಮರಳಿಸದ ಸೊತ್ತು: ಥಾಮಸ್ ವಾಟ್ಸನ್ನರ ಪ್ರವಚನಗಳು

ಹದಿನೇಳನೆಯ ಶತಮಾನದ ಇಂಗ್ಲೆಂಡಿನಲ್ಲಿ ಪ್ಯೂರಿಟನ್ನರೆಂದು ಕರೆಯಲ್ಪಟ್ಟ ಕಟ್ಟುನಿಟ್ಟಿನ ಕ್ರೈಸ್ತ ಬೋಧಕರ ಬಗೆಗೆ ಒಂದು ರೂಢಿಯ ಅಭಿಪ್ರಾಯವಿದೆ. ಗಂಟಿಕ್ಕಿದ ಮುಖ, ನರಕಾಗ್ನಿಯ ವರ್ಣನೆ, ಮುಗಿಯದ ಉಪದೇಶ: ಇಷ್ಟೇ ಅವರ ಪ್ರವಚನಗಳ ಸಾರವೆಂದು ಹೇಳಲಾಗುತ್ತದೆ. ಈ ಅಭಿಪ್ರಾಯ ಪೂರ್ತಿ ಸುಳ್ಳಲ್ಲ. ಆದರೆ ಥಾಮಸ್ ವಾಟ್ಸನ್ನರ ಪ್ರವಚನ ಸಂಗ್ರಹದಲ್ಲಿ ತಕ್ಕಡಿ, ಸಾಲಪತ್ರ, ಉಯಿಲು, ಅನಾಥನ ಆಸ್ತಿ ಇವುಗಳಿಗೆ ದೊರೆತಿರುವ ಸ್ಥಾನವನ್ನು ಅದು ಮರೆಮಾಡಿಬಿಡುತ್ತದೆ.

ವಾಟ್ಸನ್ ಕೇಂಬ್ರಿಜ್‌ನ ಎಮ್ಯಾನ್ಯುಯೆಲ್ ಕಾಲೇಜಿನಲ್ಲಿ ವ್ಯಾಸಂಗ ಮಾಡಿದವರು. ಲಂಡನ್ನಿನ ಹಳೆಯ ನಗರದೊಳಗೆ, ವಾಲ್‌ಬ್ರೂಕಿನ ಸೇಂಟ್ ಸ್ಟೀಫನ್ ಚರ್ಚಿನಲ್ಲಿ ಸುಮಾರು ಹದಿನಾರು ವರ್ಷ ಬೋಧಿಸಿದರು. ವರ್ತಕರು ಕಲೆತು ವ್ಯವಹಾರ ಕುದುರಿಸುತ್ತಿದ್ದ ರಾಯಲ್ ಎಕ್ಸ್‌ಚೇಂಜ್ ಅಲ್ಲಿಗೆ ತೀರ ಸಮೀಪ. ಅವರ ಜೀವನದಲ್ಲಿ ವಿಧಿಯ ವ್ಯಂಗ್ಯಕ್ಕೂ ಕೊರತೆಯಿರಲಿಲ್ಲ. ಎರಡನೆಯ ಚಾರ್ಲ್ಸ್‌ನನ್ನು ಸಿಂಹಾಸನಕ್ಕೆ ಮರಳಿ ತರುವ ಒಳಸಂಚಿನಲ್ಲಿ ಸೇರಿದ್ದರೆಂಬ ಆರೋಪದ ಮೇಲೆ 1651ರಲ್ಲಿ ಅವರು ಸೆರೆಮನೆ ಸೇರಿದರು. ಅದೇ ಪ್ರಕರಣದಲ್ಲಿ ಕ್ರಿಸ್ಟೋಫರ್ ಲವ್ ಎಂಬ ಬೋಧಕರ ಶಿರಚ್ಛೇದವಾಯಿತು. ವಾಟ್ಸನ್ನರಿಗೆ ಮರುವರ್ಷ ಬಿಡುಗಡೆ ದೊರೆಯಿತು. ಮುಂದೆ ಅದೇ ಚಾರ್ಲ್ಸ್ ಅರಸನಾದ ಮೇಲೆ ಬಂದ ಏಕರೂಪತೆಯ ಕಾಯಿದೆ 1662ರಲ್ಲಿ ಅವರನ್ನು ಚರ್ಚಿನಿಂದ ಹೊರಗೆ ಹಾಕಿತು. ಆ ಕಾಯಿದೆಯ ಪೂಜಾವಿಧಿಗೆ ಒಪ್ಪದೆ ಸ್ಥಾನ ಕಳೆದುಕೊಂಡ ಬೋಧಕರ ಸಂಖ್ಯೆ ಸುಮಾರು ಎರಡು ಸಾವಿರ. ಆ ಬಳಿಕ ಅವರು ಗುಟ್ಟಾಗಿ ಬೋಧಿಸುತ್ತಿದ್ದು, 1672ರಲ್ಲಿ ಅರಸನ ವಿನಾಯಿತಿ ಪ್ರಕಟವಾದಾಗ ಕ್ರಾಸ್ಬಿ ಭವನದ ದೊಡ್ಡ ಸಭಾಂಗಣದಲ್ಲಿ ಬಹಿರಂಗವಾಗಿ ಪ್ರವಚನ ಮಾಡಲು ಅನುಮತಿ ಪಡೆದರು. 1686ರಲ್ಲಿ ಎಸೆಕ್ಸ್ ಪ್ರಾಂತದ ಬಾರ್ನ್‌ಸ್ಟನ್ನಿನಲ್ಲಿ ಏಕಾಂತ ಪ್ರಾರ್ಥನೆಯಲ್ಲಿದ್ದಾಗ ತೀರಿಕೊಂಡರು.

ಅವರ ಮುಖ್ಯ ಕೃತಿ 'ಎ ಬಾಡಿ ಆಫ್ ಪ್ರಾಕ್ಟಿಕಲ್ ಡಿವಿನಿಟಿ' ಬೆಳಕು ಕಂಡದ್ದು ಅನಂತರ, 1692ರಲ್ಲಿ. ವೆಸ್ಟ್‌ಮಿನ್‌ಸ್ಟರ್ ಧರ್ಮಸಭೆ ರಚಿಸಿದ 107 ಪ್ರಶ್ನೋತ್ತರಗಳ ಲಘು ಬೋಧಿನಿಯನ್ನು ಆಧಾರವಾಗಿಟ್ಟುಕೊಂಡ 176 ಪ್ರವಚನಗಳು ಅದರಲ್ಲಿವೆ. ಹತ್ತು ಆಜ್ಞೆಗಳನ್ನು ಕುರಿತ ಭಾಗ ಇಪ್ಪತ್ತನೆಯ ಶತಮಾನದಲ್ಲಿ ಪ್ರತ್ಯೇಕ ಸಂಪುಟವಾಗಿ ಮರುಮುದ್ರಣಗೊಂಡು ಇಂದಿಗೂ ಓದುಗರನ್ನು ಪಡೆದಿದೆ. ನೀತಿವಿಚಾರದಲ್ಲಿ ಆಸಕ್ತಿಯುಳ್ಳವರು ಓದಬೇಕಾದುದು ಮುಖ್ಯವಾಗಿ ಈ ಭಾಗವನ್ನೇ. ದೇವರ ಸ್ವರೂಪ, ವಿಧಿನಿಯತಿ ಮೊದಲಾದವುಗಳ ವಿವೇಚನೆ ಆ ಪಂಥದ ಒಳಗಿನವರಿಗೆ ಮಾತ್ರ ರುಚಿಸುವಂಥದು.

ವಾಟ್ಸನ್ನರ ವಾಕ್ಯಗಳು ಚಿಕ್ಕವು. ಒಂದು ವಿಷಯವನ್ನೆತ್ತಿಕೊಂಡು ಅದನ್ನು ಅಂಕಿ ಹಾಕಿ ವಿಭಾಗಿಸುತ್ತಾರೆ. ನಡುವೆ ಕೇಳುಗನ ಬಾಯಿಂದ ಬರಬಹುದಾದ ಪ್ರಶ್ನೆಯನ್ನು ತಾವೇ ಕೇಳಿ ಉತ್ತರಿಸುತ್ತಾರೆ. ಕಡೆಗೆ ಇದರಿಂದ ಏನು ಉಪಯೋಗವೆಂದು ಕೇಳುಗನ ನಡತೆಗೆ ತಂದು ನಿಲ್ಲಿಸುತ್ತಾರೆ. ಉಪಮಾನಗಳೆಲ್ಲ ಮನೆ, ಮದ್ದು, ಹಡಗು, ಹೊಲಗಳಿಂದ ಬಂದವು. ಓದಲು ಸುಲಭವಾದ ಈ ಕ್ರಮದಲ್ಲಿ ಒಂದು ದೋಷವೂ ಇದೆ. ಅಂಕಿಗಳು ಬೆಳೆದಂತೆ ತೂಕದ ಭೇದ ಅಳಿಸಿಹೋಗುತ್ತದೆ. ಮಹಾಪಾತಕಕ್ಕೂ ಸಣ್ಣ ತಪ್ಪಿಗೂ ಎರಡೆರಡು ಸಾಲು.

ಕೊಲೆಯನ್ನು ನಿಷೇಧಿಸುವ ಆರನೆಯ ಆಜ್ಞೆಯ ವಿವರಣೆ ಇದಕ್ಕೆ ನಿದರ್ಶನ. ಕೈಯಿಂದ ಕೊಲ್ಲುವುದಷ್ಟೇ ಕೊಲೆಯಲ್ಲ. ಮನಸ್ಸಿನ ಹಗೆ, ನಾಲಗೆಯ ಮಾತು, ಲೇಖನಿಯ ಬರಹ, ಸಮ್ಮತಿ, ತಡೆಯಬಹುದಾಗಿದ್ದೂ ತಡೆಯದಿರುವುದು, ನಿಷ್ಕರುಣೆ ಇವೂ ಕೊಲೆಗಳೇ ಎಂದು ವಾಟ್ಸನ್ ಪಟ್ಟಿ ಮಾಡುತ್ತಾರೆ. ಅಹಿಂಸೆಯನ್ನು ಮನೋವಾಕ್ಕಾಯಗಳಿಗೆ ಅನ್ವಯಿಸಿ ಯೋಚಿಸುವ ಓದುಗ ಇಲ್ಲಿಯವರೆಗೆ ತಲೆದೂಗುತ್ತಾನೆ. ಅದೇ ಪಟ್ಟಿಯ ಕೊನೆಗೆ, ಮರಣದಂಡನೆಗೆ ಅರ್ಹನಾದವನನ್ನು ಗಲ್ಲಿಗೇರಿಸದೆ ಬಿಡುವುದೂ ಕೊಲೆಯೆಂಬ ಮಾತು ಬರುತ್ತದೆ. ಆರು ಕೊಲೆ ಮಾಡಿದವನನ್ನು ಮೊದಲ ಕೊಲೆಗೇ ದಂಡಿಸದಿದ್ದ ನ್ಯಾಯಾಧೀಶನ ಮೇಲೆ ಉಳಿದ ಐದರ ಹೊಣೆ ಬೀಳುತ್ತದೆಯಂತೆ. ಹಗೆಯ ಸೂಕ್ಷ್ಮ ರೂಪಗಳನ್ನು ಅಷ್ಟು ಚೆನ್ನಾಗಿ ಕಂಡ ಕಣ್ಣು ನೇಣುಗಂಬದ ಮುಂದೆ ಅಳುಕದಿರುವುದು ಆ ಕಾಲದ ಮಿತಿಯೆಂದು ಹೇಳಬಹುದು. ಆದರೆ ಮಿತಿ ಮಿತಿಯೇ.

ಕಳವನ್ನು ನಿಷೇಧಿಸುವ ಎಂಟನೆಯ ಆಜ್ಞೆಗೆ ಬಂದಾಗ ವಾಟ್ಸನ್ನರಿಗೆ ತಮ್ಮ ನೆರೆಹೊರೆಯ ಅರಿವು ಪೂರ್ಣವಾಗಿ ಒದಗುತ್ತದೆ. ದಾರಿಗಳ್ಳ, ಮನೆಗಳ್ಳರನ್ನು ಬೇಗ ಮುಗಿಸಿ ಅವರು ಮರ್ಯಾದಸ್ಥರ ಕಡೆಗೆ ತಿರುಗುತ್ತಾರೆ. ಕಾನೂನಿನ ಮರೆಯಲ್ಲಿ ಕದಿಯುವ ವಕೀಲ, ಕಳ್ಳತೂಕ, ಕಳ್ಳ ಅಳತೆಗಳ ಅಂಗಡಿಕಾರ, ಹಿಂಡುವ ಬಡ್ಡಿಯವನು, ತೀರಿಸುವ ಉದ್ದೇಶವೇ ಇಲ್ಲದೆ ಸಾಲ ಪಡೆಯುವವನು, ಕಳವಿನ ಮಾಲನ್ನು ಕೊಳ್ಳುವವನು. ಇವರ ಸಾಲಿನಲ್ಲೇ ಇನ್ನಿಬ್ಬರಿದ್ದಾರೆ. ಒಬ್ಬ, ಹಲವು ಚರ್ಚುಗಳ ಆದಾಯವನ್ನು ಒಟ್ಟಿಗೆ ಅನುಭವಿಸುತ್ತ ಯಾವೊಂದು ಸಭೆಯ ಕಡೆಗೂ ಗಮನ ಕೊಡದ ಪಾದ್ರಿ. ಇನ್ನೊಬ್ಬ, ಅನಾಥನ ಆಸ್ತಿಯನ್ನು ನೋಡಿಕೊಳ್ಳಲು ನೇಮಕಗೊಂಡು ಅದನ್ನು ತನ್ನದಾಗಿಸಿಕೊಳ್ಳುವ ವಿಶ್ವಸ್ಥ. ನಂಬಿ ಒಪ್ಪಿಸಿದ ಸೊತ್ತನ್ನು ಮುಟ್ಟುವವನಿಗೆ ದಾರಿಗಳ್ಳನ ಪಕ್ಕದಲ್ಲೇ ಪೀಠ ಹಾಕಿರುವುದು ಆಕಸ್ಮಿಕವಲ್ಲ.

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವನ್ನು ಬಲ್ಲವರಿಗೆ ಅಚೌರ್ಯಾಣುವ್ರತದ ಅತಿಚಾರಗಳು ಇಲ್ಲಿ ನೆನಪಾಗುವುದು ಸಹಜ. ಕಳವಿನ ಮಾಲನ್ನು ಕೊಳ್ಳುವ ತದಾಹೃತಾದಾನ, ತೂಕ ಅಳತೆಗಳಲ್ಲಿ ಹೆಚ್ಚುಕಡಿಮೆ ಮಾಡುವ ಹೀನಾಧಿಕಮಾನೋನ್ಮಾನ ಇವೆರಡೂ ವಾಟ್ಸನ್ನರ ಪಟ್ಟಿಯಲ್ಲಿವೆ. ಹೋಲಿಕೆಯನ್ನು ಇದಕ್ಕಿಂತ ಮುಂದಕ್ಕೆ ಎಳೆಯಬಾರದು. ಅತಿಚಾರವೆಂಬುದು ತಾನಾಗಿ ಸ್ವೀಕರಿಸಿದ ವ್ರತಕ್ಕೆ ತಗಲುವ ಕಲೆ. ವಾಟ್ಸನ್ನರಲ್ಲಿ ಅದು ದೇವರ ಆಜ್ಞೆಯ ಉಲ್ಲಂಘನೆ, ಕ್ಷಮೆಯೂ ಅವನಿಂದಲೇ ಬರಬೇಕು.

ಪಟ್ಟಿಯ ವ್ಯಾಪ್ತಿಯ ಬಗೆಗೂ ಆಕ್ಷೇಪವಿದೆ. ವಾಟ್ಸನ್ನರ ದೃಷ್ಟಿ ಬಹುಮಟ್ಟಿಗೆ ಅಂಗಡಿ, ನ್ಯಾಯಾಲಯ, ಮನೆಗಳ ಆವರಣದೊಳಗೇ ಸಂಚರಿಸುತ್ತದೆ. ಸಮಕಾಲೀನರಾದ ರಿಚರ್ಡ್ ಬ್ಯಾಕ್ಸ್‌ಟರ್ 1673ರ 'ಕ್ರಿಶ್ಚಿಯನ್ ಡೈರೆಕ್ಟರಿ'ಯಲ್ಲಿ ಕಡಲಾಚೆಯ ತೋಟಗಳ ಒಡೆಯರನ್ನು ನೇರವಾಗಿ ಉದ್ದೇಶಿಸಿ, ಕರಿಯ ಜನರನ್ನು ಹಿಡಿದು ಗುಲಾಮರನ್ನಾಗಿಸುವುದು ಲೋಕದ ಅತಿ ಕೆಟ್ಟ ಕಳ್ಳತನಗಳಲ್ಲೊಂದೆಂದು ಬರೆದರು. ಗುಲಾಮರ ವ್ಯಾಪಾರಕ್ಕಾಗಿ ರಾಯಲ್ ಆಫ್ರಿಕನ್ ಕಂಪನಿ ಲಂಡನ್ನಿನಲ್ಲಿ ಸನ್ನದು ಪಡೆದದ್ದು 1672ರಲ್ಲಿ. ಆ ಮಟ್ಟದ ವಿಸ್ತಾರ ವಾಟ್ಸನ್ನರದಲ್ಲ. ಬಡ್ಡಿಯ ವಿಷಯದಲ್ಲಿಯೂ ನ್ಯಾಯವಾದ ಲಾಭ ಎಲ್ಲಿ ಮುಗಿದು ಹಿಂಡುವಿಕೆ ಎಲ್ಲಿ ಮೊದಲಾಗುತ್ತದೆಂಬುದನ್ನು ಅವರು ವಿಚಾರಿಸುವುದಿಲ್ಲ.

ಆದರೂ ಈ ಪ್ರವಚನ ಉಳಿದವುಗಳಿಗಿಂತ ಎತ್ತರದಲ್ಲಿ ನಿಲ್ಲುವುದು ಮುಂದಿನ ಒಂದೆರಡು ಪುಟಗಳಿಂದ. ಕದ್ದವನು ಈಗೇನು ಮಾಡಬೇಕು? ವಾಟ್ಸನ್ನರ ಉತ್ತರ: ಹಿಂದಿರುಗಿಸಬೇಕು. ಅಳು, ಉಪವಾಸ, ಪ್ರಾರ್ಥನೆ ಯಾವುದೂ ಇದರ ಬದಲಿಗೆ ಸಲ್ಲವು. ಸೊತ್ತಿನ ಒಡೆಯ ತೀರಿಹೋಗಿದ್ದರೆ? ಅವನ ವಾರಸುದಾರರಿಗೆ ಕೊಡಬೇಕು. ವಾರಸುದಾರರೂ ಇಲ್ಲವಾದರೆ? ಆಗ ದೇವರ ಭಂಡಾರಕ್ಕೆ, ಅಂದರೆ ಬಡವರಿಗೆ ಕೊಡಬೇಕು.

ಈ ಕ್ರಮವನ್ನು ಗಮನವಿಟ್ಟು ನೋಡಬೇಕು. ದಾನದ ಸರದಿ ಕಟ್ಟಕಡೆಯದು. ಮೋಸಹೋದವನು ಅದೇ ಊರಿನಲ್ಲಿ ಬದುಕಿರುವಾಗ, ಅವನ ಮಕ್ಕಳು ಕಣ್ಣೆದುರಿಗಿರುವಾಗ, ಆ ಹಣದಲ್ಲಿ ಒಂದು ಭಾಗವನ್ನು ಧರ್ಮಕಾರ್ಯಕ್ಕೆ ಕೊಟ್ಟು ಉಳಿದುದನ್ನು ಶುದ್ಧಿಮಾಡಿಕೊಳ್ಳುವ ದಾರಿ ಇಲ್ಲಿ ಮುಚ್ಚಿದೆ. ಶ್ರೀಮಂತರ ಕೊಡುಗೆಯಿಂದ ನಡೆಯುವ ಧರ್ಮಸ್ಥಾನಗಳು ಯಾವ ಮತದಲ್ಲಿಯೂ ಈ ಮಾತನ್ನು ಗಟ್ಟಿಯಾಗಿ ಆಡಲು ಹಿಂಜರಿಯುತ್ತವೆ. ಕ್ರಾಸ್ಬಿ ಭವನವೇ ಸರ್ ಜಾನ್ ಲ್ಯಾಂಗಮ್ ಎಂಬ ಸಿರಿವಂತ ವರ್ತಕರಿಗೆ ಸೇರಿದ್ದೆಂಬುದನ್ನು ನೆನೆದರೆ, ಬೋಧಕರು ಆಶ್ರಯ ಪಡೆದದ್ದು ಎಂಥವರ ನಡುವೆ ಎಂಬುದು ತಿಳಿಯುತ್ತದೆ.

ಇನ್ನೂ ಕಠಿನವಾದುದು ಮುಂದಿನ ಪ್ರಶ್ನೆ. ಕದ್ದವನೇ ಸತ್ತಿದ್ದರೆ? ಅವನ ವಾರಸುದಾರರು ಹಿಂದಿರುಗಿಸಬೇಕು. ತಮಗೆ ಬಂದ ಆಸ್ತಿಯಲ್ಲಿ ಪರರನ್ನು ವಂಚಿಸಿ ಗಳಿಸಿದ್ದು ಸೇರಿದೆಯೆಂದು ಬಲ್ಲ ಮಕ್ಕಳು ಅದನ್ನು ಉಳಿಸಿಕೊಂಡರೆ ವಂಶಕ್ಕೆ ಶಾಪವನ್ನೂ ಉಳಿಸಿಕೊಂಡಂತೆ ಎಂದು ವಾಟ್ಸನ್ ಎಚ್ಚರಿಸುತ್ತಾರೆ. ಕೇಳುಗರ ಗಮನವನ್ನು ಇಲ್ಲಿ ಬೇಕೆಂದೇ ತಡೆದು ನಿಲ್ಲಿಸಿ ಹೇಳುವ ರೀತಿಯಿಂದ, ಇದು ಎಷ್ಟು ಮನೆಗಳಿಗೆ ತಾಗುವ ಮಾತೆಂಬ ಅರಿವು ಅವರಿಗಿತ್ತೆಂದು ಊಹಿಸಬಹುದು. ತಂದೆಯ ತಪ್ಪಿಗೆ ಮಗ ಅಪರಾಧಿಯೆಂದು ಅವರು ಹೇಳುತ್ತಿಲ್ಲ. ತಂದೆಯ ತಪ್ಪಿನ ಫಲವನ್ನು ತಿಳಿದೂ ಉಣ್ಣುವ ಮಗ ತನ್ನದೇ ತಪ್ಪನ್ನು ಮಾಡುತ್ತಾನೆ.

ಆದರೆ 'ಬಲ್ಲ' ಎಂಬ ಷರತ್ತಿನಲ್ಲಿ ವಾಟ್ಸನ್ನರ ವಾದ ಸಡಿಲವಾಗುತ್ತದೆ. ಅಜ್ಜನ ಲೆಕ್ಕದ ಪುಸ್ತಕವನ್ನು ತೆರೆಯದಿದ್ದರಾಯಿತು, ಹಳೆಯ ಕಡತದ ಗಂಟು ಬಿಚ್ಚದಿದ್ದರಾಯಿತು, ತಿಳಿಯದವನಿಗೆ ಹೊಣೆಯಿಲ್ಲ. ತಿಳಿದುಕೊಳ್ಳುವುದೇ ಒಂದು ಕರ್ತವ್ಯವೆಂದು ಅವರು ಹೇಳಬಹುದಾಗಿತ್ತು, ಹೇಳಲಿಲ್ಲ. ಎಷ್ಟು ತಲೆಮಾರುಗಳವರೆಗೆ ಈ ಹೊಣೆ ಎಂಬುದೂ ಅಸ್ಪಷ್ಟ.

ಹಿಂದಿರುಗಿಸಲು ಶಕ್ತಿಯೇ ಇಲ್ಲದವನ ಪ್ರಶ್ನೆಗೆ ವಾಟ್ಸನ್ನರ ಉತ್ತರದಲ್ಲಿ ಕಾಠಿಣ್ಯ ಕರಗುತ್ತದೆ. ಅಂಥವನು ದೇವರ ಮುಂದೆ ಬಾಗಲಿ, ಮನಸ್ಸನ್ನೇ ದೇವರು ಕಾರ್ಯವೆಂದು ಸ್ವೀಕರಿಸುತ್ತಾನೆ ಎನ್ನುತ್ತಾರೆ. ಆದರೆ ಅದರ ಜೊತೆಗೆ, ಶಕ್ತಿ ಬಂದ ದಿನ ಪೂರ್ತಿ ತೀರಿಸುವೆನೆಂದು ಮೋಸಹೋದವನಿಗೆ ಮಾತು ಕೊಡಬೇಕು. ಅಂದರೆ ಬರಿಗೈಯವನೂ ಎದ್ದು ಆ ಮನೆಯ ಬಾಗಿಲಿಗೆ ಹೋಗಲೇಬೇಕು; ತಾನು ಕದ್ದದ್ದನ್ನು ಅಲ್ಲಿ ಬಾಯಿಬಿಟ್ಟು ಹೇಳಲೇಬೇಕು.