ಸ್ಮಿತ್‌ಗೆ ಸಲ್ಲದ ಮನ್ನಣೆ

ಐರನ್ ಮೇಡನ್ ಬ್ಯಾಂಡಿನ ಎಂಬತ್ತರ ದಶಕವನ್ನು ವಿಮರ್ಶಕರು ಬೇಸ್ ವಾದಕ ಸ್ಟೀವ್ ಹ್ಯಾರಿಸ್‌ನ ಕಥೆಯಾಗಿಯೇ ಹೇಳುತ್ತ ಬಂದಿದ್ದಾರೆ. ನಾಗಾಲೋಟದ ಬೇಸ್, ಯುದ್ಧ-ಪುರಾಣಗಳ ದೀರ್ಘ ಹಾಡು, ‘ಪವರ್‌ಸ್ಲೇವ್’ ಆಲ್ಬಂವರೆಗಿನ ಏರುಗತಿ: 2007ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಕೇಳಿದವರಿಗೆ ಇದನ್ನೆಲ್ಲ ಬಿಡಿಸಿ ಹೇಳಬೇಕಿಲ್ಲ. ಈ ಕಥೆಯೊಳಗೆ 1986ರ ‘ಸಮ್‌ವೇರ್ ಇನ್ ಟೈಮ್’, ಗಿಟಾರ್ ಸಿಂಥಸೈಸರ್‌ಗೆ ಮರುಳಾಗಿ ದಾರಿ ತಪ್ಪಿದ ಆಲ್ಬಂ. ನನ್ನ ಮಟ್ಟಿಗೆ ಬ್ಯಾಂಡ್ ನಿಜವಾಗಿ ಬೆಳೆದದ್ದು ಅಲ್ಲಿ. ಬೆಳೆಸಿದವನು ಗಿಟಾರ್ ವಾದಕ ಅಡ್ರಿಯನ್ ಸ್ಮಿತ್.

ಗಾಯಕ ಬ್ರೂಸ್ ಡಿಕಿನ್ಸನ್ ತಂದ ಹಾಡುಗಳು ಆ ಸಲ ಒಪ್ಪಿಗೆಯಾಗಲಿಲ್ಲ. ಎಂಟರಲ್ಲಿ ಮೂರನ್ನು ಸ್ಮಿತ್ ಒಬ್ಬನೇ ಬರೆದ. ‘ವೇಸ್ಟೆಡ್ ಇಯರ್ಸ್’ನ ಆರಂಭ ಕೇಳಿ. ಒತ್ತದೆ ಬಿಟ್ಟ ತಂತಿಯೊಂದು ಎಡೆಬಿಡದೆ ಮಿಡಿಯುತ್ತಿರುತ್ತದೆ. ಅದರ ಜೊತೆಗೆ ಹೆಣೆದುಕೊಂಡ ರಾಗ ಏರಿಳಿಯುತ್ತದೆ. ವೇಗವಿದೆ, ಆದರೆ ಅಬ್ಬರವಿಲ್ಲ. ಊರೂರು ಅಲೆದು ದಣಿದವನ ಮನೆಯ ಹಂಬಲ ಮಾತು ಬರುವ ಮೊದಲೇ ಕೇಳಿಸುತ್ತದೆ. ಸಿಂಥ್ ಇಲ್ಲದ ಹಾಡೂ ಇದೇ.

ಇನ್ನೊಂದು, ‘ಸ್ಟ್ರೇಂಜರ್ ಇನ್ ಎ ಸ್ಟ್ರೇಂಜ್ ಲ್ಯಾಂಡ್’. ಹಿಮದಲ್ಲಿ ಹೆಪ್ಪುಗಟ್ಟಿದ ಅನ್ವೇಷಕನ ಹಾಡು. ಬೇರೆ ಯಾರಾದರೂ ನಡುವಿನ ಸೋಲೋದಲ್ಲಿ ಬೆರಳ ಚುರುಕು ತೋರಿಸುತ್ತಿದ್ದರು. ಸ್ಮಿತ್ ಸ್ವರವನ್ನು ಎಳೆದು, ನಿಲ್ಲಿಸಿ, ಅದಕ್ಕೆ ಉಸಿರಾಡಲು ಬಿಟ್ಟು, ಆಮೇಲೆ ಮುಂದಿನದಕ್ಕೆ ಹೋಗುತ್ತಾನೆ. ಆ ಮೈಮರೆತ ಒಂಟಿತನ ಹ್ಯಾರಿಸ್‌ನ ಓಟದ ಲಯದಲ್ಲಿ ಹುಟ್ಟಲಾರದು.

ಈ ಆಲ್ಬಂನಲ್ಲಿ ವಿಮರ್ಶಕರು ಕೊಂಡಾಡುವುದು ಮಾತ್ರ ಹ್ಯಾರಿಸ್‌ನ ‘ಅಲೆಕ್ಸಾಂಡರ್ ದಿ ಗ್ರೇಟ್’ ಅನ್ನು. 2023ರವರೆಗೆ ವೇದಿಕೆಯಲ್ಲಿ ನುಡಿಸದೇ ಇದ್ದದ್ದರಿಂದ ಅದಕ್ಕೊಂದು ಪ್ರಭಾವಳಿ ಬಂತು. ವಾದ್ಯಭಾಗ ಸೊಗಸಾಗಿದೆ, ಒಪ್ಪುತ್ತೇನೆ. ಸಾಹಿತ್ಯವೋ, ಇಸವಿ ಸಮೇತ ಒಪ್ಪಿಸಿದ ಪಾಠ. ಉದ್ದವನ್ನೇ ಆಳವೆಂದು ಭಾವಿಸುವ ಚಾಳಿ ಹೆವಿ ಮೆಟಲ್ ವಿಮರ್ಶೆಯನ್ನು ಇನ್ನೂ ಬಿಟ್ಟಿಲ್ಲ.

ಇದೇ ಜನ 1990ರ ‘ನೋ ಪ್ರೇಯರ್ ಫಾರ್ ದಿ ಡೈಯಿಂಗ್’ ಸೊರಗಿದ್ದಕ್ಕೆ ಆ ಕಾಲದ ಅಭಿರುಚಿಯನ್ನು ದೂರುತ್ತಾರೆ. ಸಿಂಥ್ ಬಿಟ್ಟು ಹಳೆಯ ಒರಟು ಧ್ವನಿಗೆ ಮರಳಿದ ಆಲ್ಬಂ ಅದು. ಅವರ ತರ್ಕದಂತೆ ಗೆಲ್ಲಬೇಕಿತ್ತು. ಆದರೆ ಆ ಹೊತ್ತಿಗೆ ಸ್ಮಿತ್ ಬ್ಯಾಂಡ್ ಬಿಟ್ಟಿದ್ದ. 1999ರಲ್ಲಿ ಅವನೂ, ಅವನ ನಂತರ ಬ್ಯಾಂಡ್ ಬಿಟ್ಟಿದ್ದ ಡಿಕಿನ್ಸನ್ನೂ ಮರಳಿದರು. ಮರುವರ್ಷದ ‘ಬ್ರೇವ್ ನ್ಯೂ ವರ್ಲ್ಡ್’ ಅನ್ನು ಎಲ್ಲರೂ ಗಾಯಕನ ಪುನರಾಗಮನವೆಂದು ಸಂಭ್ರಮಿಸಿದರು. ಅದರ ಮೊದಲ ಹಾಡು ‘ದಿ ವಿಕರ್ ಮ್ಯಾನ್’ ತೆರೆದುಕೊಳ್ಳುವುದು ಗಿಟಾರಿನ ರಿಫ್‌ನಿಂದ. ರಚನಕಾರರಲ್ಲಿ ಸ್ಮಿತ್‌ನ ಹೆಸರೂ ಇದೆ.