ನೋಡುವ ಕಣ್ಣು, ನಿಂತ ನೆಲ

ಮಾನವಶಾಸ್ತ್ರದ ಸ್ನಾತಕೋತ್ತರ ವಿದ್ಯಾರ್ಥಿಯು ಗ್ರಂಥಾಲಯದಿಂದ ಹೊರಬಂದು ಜನರ ನಡುವೆ ನಿಂತಾಗಲೇ ಅವನ ವಿದ್ಯೆಗೆ ನಿಜವಾದ ಪರೀಕ್ಷೆ. ಆ ಪರೀಕ್ಷೆಯ ಸ್ವರೂಪವನ್ನು ಅರಿಯಬಯಸುವ ಕನ್ನಡಿಗರಿಗೆ ಎಂ. ಎನ್. ಶ್ರೀನಿವಾಸರ (1916–1999) ಬರಹಗಳನ್ನು ಓದದೆ ಗತ್ಯಂತರವಿಲ್ಲ.

ಜಿ. ಎಸ್. ಘುರ್ಯೆಯವರ ಮಾರ್ಗದರ್ಶನದಲ್ಲಿ ಮುಂಬಯಿ ವಿಶ್ವವಿದ್ಯಾನಿಲಯಕ್ಕೆ ಅವರು ಒಪ್ಪಿಸಿದ ಎಂ.ಎ. ಪ್ರಬಂಧವು ಮೈಸೂರು ಸೀಮೆಯ ವಿವಾಹ, ಕುಟುಂಬಗಳನ್ನು ಕುರಿತದ್ದು; 1942ರಲ್ಲಿ ಅದು ಗ್ರಂಥರೂಪ ತಾಳಿತು. ಅಲ್ಲಿ ಪದ್ಧತಿಗಳ ನಿರೂಪಣೆಯೇ ಪ್ರಧಾನ. 1948ರಲ್ಲಿ ಅವರು ಮೈಸೂರಿಗೆ ಸಮೀಪದ ಹಳ್ಳಿಯೊಂದರಲ್ಲಿ ನೆಲೆಸಿ, ಅದನ್ನು 'ರಾಂಪುರ'ವೆಂದು ಕರೆದರು. 1970ರ ಏಪ್ರಿಲಿನಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಕಿಡಿಗೇಡಿಗಳು ಹಚ್ಚಿದ ಬೆಂಕಿಗೆ ಅವರು ವರ್ಗೀಕರಿಸಿಟ್ಟಿದ್ದ ಟಿಪ್ಪಣಿಗಳು ಆಹುತಿಯಾದವು. ನೆನಪನ್ನೇ ಆಧರಿಸಿ ಬರೆದ 'ದಿ ರಿಮೆಂಬರ್ಡ್ ವಿಲೇಜ್' 1976ರಲ್ಲಿ ಹೊರಬಂದಿತು. ಇಲ್ಲಿ ಪದ್ಧತಿಗಳಿಗೆ ಮುಖ ಮೂಡಿದೆ, ಮಾತು ಬಂದಿದೆ. ಇದು ಕೃತಿಯ ಹಿರಿಮೆ.

ಆದರೆ ಬೆಂಕಿಯ ಕಥೆಗೆ ಮರುಳಾದವರು ಕೃತಿಯ ನಿಜವಾದ ತೊಡಕನ್ನು ಕಾಣರು. ಲೇಖಕರು ತಂಗಿದ್ದುದು ಗ್ರಾಮದ ಮುಖ್ಯಸ್ಥರ ಆಶ್ರಯದಲ್ಲಿ. ತಮ್ಮ ನೋಟ ಮೇಲುಜಾತಿಯವರ ನೋಟವೆಂದು ಅವರೇ ಪ್ರಾಮಾಣಿಕವಾಗಿ ಒಪ್ಪಿದ್ದಾರೆ. ಒಪ್ಪಿಕೊಂಡ ಮಾತ್ರಕ್ಕೆ ಕೊರತೆ ನೀಗಿತೆ? ಊರಿನ ಮೂವರು ಪ್ರಮುಖರಿಗೆ ಒಂದು ಅಧ್ಯಾಯವೇ ಮೀಸಲಾಗಿದೆ. ಕೇರಿಯ ಜನಕ್ಕೆ ಅಂಥ ಅಧ್ಯಾಯವಿಲ್ಲ. ಅರಿವು ಮೂಡಿದೆ, ಅದು ಆಚಾರಕ್ಕಿಳಿದಿಲ್ಲ.

ಇದಕ್ಕೆ ಹೋಲಿಸತಕ್ಕುದು ಮಾರ್ಕ್ ಹೋಮ್‌ಸ್ಟ್ರಾಮ್ ಎಂಬ ವಿದ್ವಾಂಸರ ನಡೆ. ಬೆಂಗಳೂರಿನ ಕಾರ್ಖಾನೆಗಳ ಕಾರ್ಮಿಕರನ್ನು ಕುರಿತ ಅವರ ಗ್ರಂಥವೂ 1976ರದೇ. ಕಾಯಂ ನೌಕರಿಯು ಒಂದು ಕೋಟೆ, ಉಳಿದವರು ಗೋಡೆಯಾಚೆಯವರು ಎಂಬ ಚಿತ್ರವನ್ನು ಅವರು ಅಲ್ಲಿ ಕೊಟ್ಟರು. ಹೆಚ್ಚಿನ ಅಧ್ಯಯನದ ಬಳಿಕ, 1984ರ ಗ್ರಂಥದಲ್ಲಿ, ಕೋಟೆಯ ಉಪಮೆಯನ್ನು ತಾವೇ ಕೈಬಿಟ್ಟು, ಬೇರೆ ಬೇರೆ ಇಳಿಜಾರುಗಳುಳ್ಳ ಬೆಟ್ಟದ ಉಪಮೆಯನ್ನು ತಂದರು. ಇಲ್ಲಿ ಅರಿವು ಬರಹದ ರೂಪವನ್ನೇ ಬದಲಿಸಿತು.

ಈ ವಿವೇಚನೆ ಹಳೆಯ ಗ್ರಂಥಗಳಿಗೆ ಮಾತ್ರ ಸಂಬಂಧಿಸಿದುದಲ್ಲ. ಪೀಣ್ಯದ ಯಂತ್ರಾಗಾರಗಳಿಗೆ, ಎಲೆಕ್ಟ್ರಾನಿಕ್ ಸಿಟಿ ಅಥವಾ ವೈಟ್‌ಫೀಲ್ಡಿನ ಕಚೇರಿಗಳಿಗೆ ಕ್ಷೇತ್ರಕಾರ್ಯಕ್ಕೆಂದು ಹೋಗುವ ವಿದ್ಯಾರ್ಥಿಗೂ ಒಬ್ಬ ಮುಖ್ಯಸ್ಥನ ಅನುಮತಿ ಬೇಕು. ಗೇಟು ತೆರೆಸಿದ ಅಧಿಕಾರಿಯ ಜೊತೆಯಲ್ಲೇ ಒಳಹೊಕ್ಕವನಿಗೆ, ಗುತ್ತಿಗೆಯ ಮೇಲೆ ಕಸ ಗುಡಿಸುವಾಕೆ ಮನಬಿಚ್ಚಿ ಮಾತನಾಡುವಳೆಂದು ನಿರೀಕ್ಷಿಸಲಾಗದು. ಆಕೆಯ ಮೌನವನ್ನು ಸಂತೃಪ್ತಿಯೆಂದು ಬರೆದುಕೊಂಡರೆ ಪ್ರಬಂಧಕ್ಕೆ ಅಂಕ ದೊರೆಯಬಹುದು, ಆಕೆಗೆ ಅನ್ಯಾಯವಾಗುತ್ತದೆ. ಆದುದರಿಂದ ತನಗೆ ಬಾಗಿಲು ತೆರೆದವರಾರು, ಆ ಬಾಗಿಲಿನಿಂದ ಕಾಣದೆ ಉಳಿದವರಾರು ಎಂಬುದನ್ನು ಅವನು ಮೊದಲು ಬರೆದಿಡಬೇಕು. ಬಳಿಕ ಕಾಣದವರಿರುವಲ್ಲಿಗೆ, ಅವರ ಬಿಡುವಿನ ಹೊತ್ತಿಗೆ, ತಾನೇ ನಡೆದುಹೋಗಬೇಕು. ಶ್ರೀನಿವಾಸರ ಒಪ್ಪಿಗೆಯ ಮಾತು ಅವನಿಗೆ ಮೊದಲ ಪಾಠ. ಆ ಮಾತು ನಿಂತಲ್ಲಿಂದ ಮುಂದಿನದು ಅವನ ಹೊಣೆ.