ಡ್ಯಾಕ್ ಮುಟ್ಟುವ ಮುನ್ನ

ಫೋನಿನ ತಳದ ಟೈಪ್-ಸಿ ಕಿಂಡಿಗೆ ಸಿಕ್ಕಿಸಿ, ಇನ್ನೊಂದು ತುದಿಗೆ ಇಯರ್‌ಫೋನ್ ಜೋಡಿಸುವ ಬೆರಳುದ್ದದ ಡಾಂಗಲ್‌ನೊಳಗೆ ಸಾಮಾನ್ಯವಾಗಿ ಒಂದು ಡ್ಯಾಕ್ ಇರುತ್ತದೆ. ಅಂಕಿಗಳ ಸಾಲಾಗಿ ಬಂದ ಹಾಡನ್ನು ವಿದ್ಯುತ್ತಿನ ಏರಿಳಿತವಾಗಿ ಮಾರ್ಪಡಿಸುವುದು ಅದರ ಕೆಲಸ. ಆ ಏರಿಳಿತಕ್ಕೆ ಬಲ ತುಂಬುವ ಪುಟ್ಟ ಆಂಪ್ಲಿಫೈಯರ್ ಕೂಡ ಪಕ್ಕದಲ್ಲೇ ಇರುತ್ತದೆ. 2012ರಲ್ಲಿ ಪೆನ್‌ಡ್ರೈವ್ ಗಾತ್ರದ ‘ಡ್ರ್ಯಾಗನ್‌ಫ್ಲೈ’, 2015ರಲ್ಲಿ ಅಂಗೈಯಗಲದ ‘ಮೋಜೊ’ ಬಂದ ಮೇಲೆ ಈ ಉಪಕರಣ ಹವ್ಯಾಸಿಗಳ ಜೇಬು ಸೇರಿತು. ಐಫೋನ್ 7 ಮೂಲಕ 2016ರಲ್ಲಿ ಆಪಲ್ ಇಯರ್‌ಫೋನಿನ ದುಂಡು ಕಿಂಡಿಯನ್ನೇ ತೆಗೆದುಹಾಕಿದಾಗ ಉಳಿದವರಿಗೂ ಅದು ಬೇಕಾಯಿತು. 2023ರ ಐಫೋನ್ 15ರಿಂದ ಆಪಲ್ ಫೋನುಗಳಿಗೂ ಟೈಪ್-ಸಿ ಬಂತು. 2025ರಲ್ಲಿ ದೇವನಹಳ್ಳಿ ಬಳಿಯ ಫಾಕ್ಸ್‌ಕಾನ್ ಕಾರ್ಖಾನೆಯಲ್ಲಿ ಜೋಡಣೆ ಶುರುವಾದ ಐಫೋನ್ 17ಕ್ಕೂ ಇರುವುದು ಅದೇ ಕಿಂಡಿ. ಒಂದೇ ಡಾಂಗಲ್ಲನ್ನು ಆಂಡ್ರಾಯ್ಡ್ ಫೋನಿಗೂ ಐಫೋನಿಗೂ ಲ್ಯಾಪ್‌ಟಾಪ್‌ಗೂ ಸಿಕ್ಕಿಸಬಹುದು ಎಂದಾದ ಮೇಲೆ ಏಳುವ ಪ್ರಶ್ನೆ: ಹಾಡು ಕಳಿಸುವ ಯಂತ್ರ ಬದಲಾದರೆ ಕೇಳುವ ನಾದವೂ ಬದಲಾಗುತ್ತದೆಯೇ?

ಸಿ.ಡಿ. ಗುಣಮಟ್ಟದ ಹಾಡಿನಲ್ಲಿ ಸೆಕೆಂಡಿಗೆ 44,100 ಮಾದರಿಗಳು, ಪ್ರತಿ ಮಾದರಿಗೆ 16 ಬಿಟ್, ಎಡ-ಬಲ ಎರಡು ಕಿವಿ. ಗುಣಿಸಿದರೆ ಸೆಕೆಂಡಿಗೆ 14,11,200 ಬಿಟ್. ಈಗಿನ ಫೋನುಗಳಿಗೆ ಇದು ಹೊರೆಯೇ ಅಲ್ಲ. ಯು.ಎಸ್.ಬಿ. ತಂತಿಯಲ್ಲಿ ಧ್ವನಿಯ ಕಟ್ಟುಗಳು ಹೋಗುವಾಗ ತಪ್ಪಾದದ್ದನ್ನು ಗುರುತಿಸುವ ವ್ಯವಸ್ಥೆ ಇದೆ, ಮರಳಿ ತರಿಸಿಕೊಳ್ಳುವ ವ್ಯವಸ್ಥೆ ಇಲ್ಲ. ಹಾಗಾಗಿ ಒಂದು ಕಟ್ಟು ಕಳೆದುಹೋದರೆ ಟಿಕ್ ಎಂಬ ಸದ್ದೋ ಕ್ಷಣಮಾತ್ರದ ಮೌನವೋ ಕೇಳುತ್ತದೆ. ವೀಣೆಯ ಮೀಟು ಮಂಕಾಗುವುದು, ತಂಬೂರಿಯ ನಾದ ಹಿಂದೆ ಸರಿಯುವುದು, ಕಂಠ ‘ಬೆಚ್ಚಗಾಗುವುದು’ ಇಂಥ ನಷ್ಟದಿಂದ ಆಗುವಂಥದ್ದಲ್ಲ. ದುಬಾರಿ ಯು.ಎಸ್.ಬಿ. ತಂತಿಯಿಂದ ಸ್ವರಕ್ಕೆ ಮೆರುಗು ಬರುತ್ತದೆ ಎಂಬ ಮಾತು ಇಲ್ಲಿಗೇ ಬಿದ್ದುಹೋಗುತ್ತದೆ. ಅಂಕಿಗಳು ತಲುಪಿದವೆಂದರೆ ತಲುಪಿದವು.

ಆದರೆ ಫೋನು ಕಡತದಲ್ಲಿದ್ದ ಅಂಕಿಗಳನ್ನೇ ಕಳಿಸುತ್ತಿದೆಯೇ ಎಂಬುದು ಬೇರೆ ವಿಷಯ. ಹಾಡು ಕಳಿಸುವ ಮೂಲಯಂತ್ರದ ಪ್ರಭಾವ ಮೊದಲು ಕಾಣಸಿಗುವುದು ಇಲ್ಲೇ. ಆಂಡ್ರಾಯ್ಡ್‌ನಲ್ಲಿ ಹಾಡು, ಗೇಮು, ವಾಟ್ಸ್‌ಆ್ಯಪ್ ಗಂಟೆ ಎಲ್ಲವೂ ಒಂದೇ ಮಿಕ್ಸರ್‌ನಲ್ಲಿ ಬೆರೆಯುತ್ತವೆ. ಹಾಗೆ ಬೆರೆಸಲು ಎಲ್ಲವನ್ನೂ ಒಂದೇ ದರಕ್ಕೆ, ಸಾಮಾನ್ಯವಾಗಿ 48,000ಕ್ಕೆ, ಹೊಂದಿಸಬೇಕು. 44,100ರ ಹಾಡಿನ ಪ್ರತಿ ಮಾದರಿಯನ್ನೂ ಹೊಸದಾಗಿ ಲೆಕ್ಕ ಹಾಕಿಯೇ ಡಾಂಗಲ್‌ಗೆ ಕಳಿಸಲಾಗುತ್ತದೆ. 2023ರ ಆಂಡ್ರಾಯ್ಡ್ 14ರಲ್ಲಿ ಈ ಮಿಕ್ಸರ್ ದಾಟಿ ಅಂಕಿಗಳನ್ನು ಇದ್ದಂತೆಯೇ ಯು.ಎಸ್.ಬಿ. ಡ್ಯಾಕ್‌ಗೆ ಒಪ್ಪಿಸುವ ದಾರಿ ತೆರೆಯಿತು. ಅದಕ್ಕೆ ಫೋನೂ ಆ್ಯಪ್ಪೂ ಎರಡೂ ಒಪ್ಪಬೇಕು. ವಿಂಡೋಸ್‌ನಲ್ಲೂ ಇಂಥದೇ ಮಿಕ್ಸರ್ ಇದೆ, ಅದನ್ನು ತಪ್ಪಿಸಲು ‘ಎಕ್ಸ್‌ಕ್ಲೂಸಿವ್ ಮೋಡ್’ ಇದೆ. ಮ್ಯಾಕ್‌ನಲ್ಲಿ ‘ಆಡಿಯೊ ಮಿಡಿ ಸೆಟಪ್’ನಲ್ಲಿ ಯಾವ ದರ ಆರಿಸಿದೆಯೋ ಆ ದರಕ್ಕೆ ಧ್ವನಿ ಹೊಂದಿಕೊಳ್ಳುತ್ತದೆ.

ಚೆನ್ನಾಗಿ ಬರೆದ ಮರುಲೆಕ್ಕ ಕಿವಿಗೆ ಗೊತ್ತಾಗುವುದಿಲ್ಲ ಎಂದೇ ಹೇಳಬೇಕು. ಗೊತ್ತಾಗುವುದು ಫೋನು ತಯಾರಿಸಿದವರು ಸೇರಿಸಿದ ‘ಸುಧಾರಣೆ’ಗಳು: ಬಾಸ್ ಏರಿಸುವ, ಸುತ್ತಲೂ ಕೇಳಿದಂತೆ ಮಾಡುವ, ಮಾತನ್ನು ಮುಂದೆ ತರುವ ಆಯ್ಕೆಗಳು. ಇವು ಚಾಲೂ ಆಗಿದ್ದರೆ ಎರಡು ಫೋನುಗಳ ನಡುವೆ ಅಜಗಜಾಂತರ ಕೇಳುತ್ತದೆ, ಡಾಂಗಲ್ ಮಾತ್ರ ಅದೇ ಇರುತ್ತದೆ. ಎರಡನೆಯದಾದ ವಾಲ್ಯೂಮ್ ಇನ್ನೂ ದೊಡ್ಡ ಕಾರಣ. ಆಪಲ್‌ನ ಟೈಪ್-ಸಿ ಡಾಂಗಲ್ಲನ್ನು ಹಲವು ಆಂಡ್ರಾಯ್ಡ್ ಫೋನುಗಳಿಗೆ ಹಾಕಿದಾಗ ಸದ್ದು ಸಣ್ಣದಾಗುತ್ತದೆ, ಪೂರ್ತಿ ಏರಿಸಿದರೂ ಸಾಲದು. ಡಾಂಗಲ್‌ನೊಳಗಿನ ವಾಲ್ಯೂಮ್ ನಿಯಂತ್ರಣವನ್ನು ಆ ಫೋನುಗಳು ಮೇಲಕ್ಕೆತ್ತದೆ ಬಿಡುವುದೇ ಕಾರಣ. ಅದೇ ಡಾಂಗಲ್ ಐಫೋನಿನಲ್ಲಿ ತುಂಬು ದನಿಯಲ್ಲಿ ಹಾಡುತ್ತದೆ. ತುಸು ಜೋರಾದದ್ದು ಹೆಚ್ಚು ಸ್ಪಷ್ಟ, ಹೆಚ್ಚು ಜೀವಂತ ಎನಿಸುವುದು ಕಿವಿಯ ಸಹಜ ಗುಣ. ಮೂಲಯಂತ್ರ ಬದಲಿಸಿ ‘ಪರದೆ ಸರಿದಂತಾಯಿತು’ ಎನ್ನುವವರ ಅನುಭವ ಎಷ್ಟೋ ಸಲ ಈ ವಾಲ್ಯೂಮ್ ವ್ಯತ್ಯಾಸವೇ ಆಗಿರುತ್ತದೆ.

ಮೂರನೆಯದು ಗಡಿಯಾರ. ಮಾದರಿಗಳು ಸರಿಯಾಗಿದ್ದರೆ ಸಾಲದು, ಸಮ ಅಂತರದಲ್ಲಿ ಹೊರಬೀಳಬೇಕು. ಆ ಅಂತರದ ಏರುಪೇರಿಗೆ ಜಿಟರ್ ಎಂಬ ಹೆಸರಿದೆ. ಹಳೆಯ ಅಗ್ಗದ ಯು.ಎಸ್.ಬಿ. ಡ್ಯಾಕ್‌ಗಳು ಕಂಪ್ಯೂಟರ್ ಕಳಿಸುವ ಗತಿಯನ್ನೇ ಹಿಡಿದು ತಮ್ಮ ಗಡಿಯಾರ ಹೊಂದಿಸಿಕೊಳ್ಳುತ್ತಿದ್ದವು. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಪಿ.ಸಿ.ಎಂ. 2704 ಇಂಥ ಚಿಪ್ಪು, 16 ಬಿಟ್ ಮತ್ತು 48,000ದವರೆಗಷ್ಟೇ ಅದರ ಓಟ. ಡ್ರ್ಯಾಗನ್‌ಫ್ಲೈ ಕಾಲಕ್ಕೆ ‘ಅಸಿಂಕ್ರನಸ್’ ವಿಧಾನ ರೂಢಿಗೆ ಬಂದಿತ್ತು. ಇದರಲ್ಲಿ ಗಡಿಯಾರ ಡ್ಯಾಕ್‌ನ ಒಳಗೇ ಇರುತ್ತದೆ. ಕಂಪ್ಯೂಟರ್ ಬೇಗ ಕಳಿಸಿದರೆ ಸ್ವಲ್ಪ ತಡೆ, ನಿಧಾನವಾದರೆ ಇನ್ನಷ್ಟು ಕಳಿಸು ಎಂದು ಡ್ಯಾಕ್ ಹೇಳುತ್ತದೆ. ದೊಡ್ಡಬಳ್ಳಾಪುರದ ಮಗ್ಗದಲ್ಲಿ ಲಾಳಿ ಓಡುವ ಗತಿಯನ್ನು ಮಗ್ಗವೇ ನಿರ್ಧರಿಸುತ್ತದೆಯೇ ಹೊರತು ನೂಲು ತಂದುಕೊಡುವವನಲ್ಲ, ಇದೂ ಹಾಗೆಯೇ.

ಜಿಟರ್ ಎಷ್ಟಿದ್ದರೆ ಕೇಳುತ್ತದೆ ಎಂಬುದಕ್ಕೂ ಅಳತೆಗಳಿವೆ. 1998ರಲ್ಲಿ ಬೆಂಜಮಿನ್ ಮತ್ತು ಗ್ಯಾನನ್ ಎಂಬ ಸಂಶೋಧಕರು ನಡೆಸಿದ ಪರೀಕ್ಷೆಯಲ್ಲಿ ನಿಜವಾದ ಸಂಗೀತದಲ್ಲಿ ಹತ್ತಾರು ನ್ಯಾನೊಸೆಕೆಂಡಿಗಿಂತ ಕಡಿಮೆ ಜಿಟರ್ ಗೊತ್ತಾಗಲಿಲ್ಲ. 2005ರಲ್ಲಿ ಜಪಾನಿನ ಅಶಿಹಾರ ಮತ್ತು ಸಂಗಡಿಗರ ಪ್ರಯೋಗದಲ್ಲಿ ಪಳಗಿದ ಕಿವಿಗಳಿಗೂ ನೂರಾರು ನ್ಯಾನೊಸೆಕೆಂಡ್ ಬೇಕಾಯಿತು. ಈಗಿನ ಒಳ್ಳೆಯ ಡಾಂಗಲ್‌ಗಳಲ್ಲಿ ಅದು ಒಂದು ನ್ಯಾನೊಸೆಕೆಂಡಿಗೂ ಕೆಳಗಿರುತ್ತದೆ. ಗಡಿಯಾರದ ಕಾರಣಕ್ಕೆ ಲ್ಯಾಪ್‌ಟಾಪ್ ಬದಲಿಸುವ ಅಗತ್ಯ ಇನ್ನಿಲ್ಲ.

ಉಳಿದದ್ದು ವಿದ್ಯುತ್ತು. ಮೂಲಯಂತ್ರ ನಿಜವಾಗಿಯೂ ಕಿವಿಗೆ ಬೀಳುವಷ್ಟು ಕೆಡಿಸಬಲ್ಲ ಜಾಗವೆಂದರೆ ಇದು, ಅದರಲ್ಲೂ ಬೆಂಗಳೂರು ಗ್ರಾಮಾಂತರದ ಮನೆಗಳಲ್ಲಿ. ಯು.ಎಸ್.ಬಿ. ತಂತಿಯಲ್ಲಿ ಅಂಕಿಗಳ ಜೊತೆಗೆ ಐದು ವೋಲ್ಟಿನ ವಿದ್ಯುತ್ತೂ ನೆಲದ ತಂತಿಯೂ ಸಾಗುತ್ತವೆ. ಅಂಕಿಗಳಿಗೆ ತಾಗದ ಕೊಳೆ ಈ ಎರಡು ದಾರಿಗಳಲ್ಲಿ ಡ್ಯಾಕ್‌ನ ಅನಲಾಗ್ ಭಾಗ ಸೇರಬಹುದು. ಯು.ಎಸ್.ಬಿ. ಕಟ್ಟುಗಳು ಸಾಮಾನ್ಯ ವೇಗದಲ್ಲಿ ಸೆಕೆಂಡಿಗೆ 1,000 ಸಲ, ಹೆಚ್ಚಿನ ವೇಗದಲ್ಲಿ 8,000 ಸಲ ಬರುತ್ತವೆ. ಎರಡೂ ಮನುಷ್ಯನ ಕಿವಿಗೆ ಕೇಳುವ ಶ್ರುತಿಗಳೇ. ಕೀಳು ವಿನ್ಯಾಸದ ಡ್ಯಾಕ್‌ನಲ್ಲಿ, ಸೂಕ್ಷ್ಮವಾದ ಇಯರ್‌ಫೋನ್ ಇದ್ದರೆ, ಹಾಡಿಲ್ಲದ ಹೊತ್ತಿನಲ್ಲಿ ಇವು ಸಣ್ಣ ಸಿಳ್ಳೆಯಾಗಿ ಕೇಳುತ್ತವೆ. ಮೌಸ್ ಅಲುಗಿಸಿದಾಗ ಚರಚರ ಎನ್ನುವುದೂ ಇದೇ ಬಗೆಯದು. 2ಜಿ ಕರೆ ಬಂದಾಗ ಸ್ಪೀಕರಿನಲ್ಲಿ ಕೇಳುವ ಗರಗರ ಸದ್ದು ಮಾತ್ರ ತಂತಿಯ ಮೂಲಕವಲ್ಲ, ಗಾಳಿಯ ಮೂಲಕ ನುಗ್ಗುವುದು. ಸೆಕೆಂಡಿಗೆ 217 ಸಲ ಮಿಡಿಯುವ ಜಿ.ಎಸ್.ಎಂ. ಪ್ರಸಾರವೇ ಅದರ ಮೂಲ.

ಲ್ಯಾಪ್‌ಟಾಪಿನ ಚಾರ್ಜರ್ ಇನ್ನೂ ಹೆಚ್ಚು ಕಾಡುತ್ತದೆ. ಚಾರ್ಜಿಗೆ ಹಾಕಿದ ಲ್ಯಾಪ್‌ಟಾಪಿನ ಲೋಹದ ಮೈ ಮುಟ್ಟಿದರೆ ಕೈಗೆ ಜುಮ್ ಎನ್ನುವ ಅನುಭವ ಬಹಳ ಮಂದಿಗಿದೆ. ಚಾರ್ಜರ್ ಒಳಗಿನ ಕೆಪ್ಯಾಸಿಟರ್ ಮೂಲಕ ಸೋರುವ ಅಲ್ಪ ವಿದ್ಯುತ್ತು ಅದು. ಟೂ-ಪಿನ್ ಚಾರ್ಜರ್ ಇದ್ದರೆ, ಅಥವಾ ತ್ರೀ-ಪಿನ್ ಇದ್ದೂ ಗೋಡೆಯ ಸಾಕೆಟ್ಟಿನ ಅರ್ಥ್ ತಂತಿ ಎಲ್ಲಿಗೂ ಹೋಗಿರದಿದ್ದರೆ, ಆ ಸೋರಿಕೆಗೆ ಭೂಮಿಯ ದಾರಿ ಸಿಗುವುದಿಲ್ಲ. ಡ್ಯಾಕ್‌ನಿಂದ ಆಂಪ್ಲಿಫೈಯರ್‌ಗೆ ಹೋಗುವ ತಂತಿಯ ಕವಚವೇ ಅದಕ್ಕೆ ದಾರಿಯಾಗುತ್ತದೆ, ಸ್ಪೀಕರಿನಲ್ಲಿ ಗುಂಯ್ ಎಂಬ ಸದ್ದು ಏಳುತ್ತದೆ. ಹಳೆಯ ಮನೆಗಳಲ್ಲಿ ಅರ್ಥಿಂಗ್ ಒಣಗಿರುವುದು, ಹೊಸದಾಗಿ ಎದ್ದ ಬಾಡಿಗೆ ಮನೆಗಳಲ್ಲಿ ಅದನ್ನು ಹಾಕದೇ ಬಿಟ್ಟಿರುವುದು ಎರಡೂ ಅಪರೂಪವಲ್ಲ. ಪಂಪ್‌ಸೆಟ್ ಮತ್ತು ವಿದ್ಯುತ್ ಮಗ್ಗಗಳ ಮೋಟಾರುಗಳು ಅದೇ ಲೈನಿನಲ್ಲಿ ಓಡುತ್ತಿದ್ದರೆ ಅವು ಎಬ್ಬಿಸುವ ಕಲಬೆರಕೆಯೂ ಸೇರುತ್ತದೆ. ಕರೆಂಟ್ ಹೋದಾಗ ಅಗ್ಗದ ಇನ್ವರ್ಟರ್ ಕೊಡುವ ಚೌಕಾಕಾರದ ಅಲೆಯಲ್ಲಿ ಈ ಸದ್ದಿನ ಸ್ವರೂಪವೇ ಬದಲಾಗಿ, ಗುಂಯ್ ಎನ್ನುತ್ತಿದ್ದದ್ದು ಜರ್ ಎನ್ನತೊಡಗುತ್ತದೆ.

ಪರೀಕ್ಷೆ ಸುಲಭ. ಚಾರ್ಜರ್ ಕಿತ್ತು ಬ್ಯಾಟರಿಯ ಮೇಲೆ ಹಾಡು ಹಚ್ಚಬೇಕು. ಸದ್ದು ನಿಂತರೆ ದೋಷ ಡ್ಯಾಕ್‌ನದಲ್ಲ, ವಿದ್ಯುತ್ ದಾರಿಯದು. ಹೊಸ ಡ್ಯಾಕ್ ಕೊಳ್ಳುವ ಹಣಕ್ಕಿಂತ ಎಷ್ಟೋ ಕಡಿಮೆಗೆ ಇದರ ಪರಿಹಾರವಿದೆ: ತ್ರೀ-ಪಿನ್ ಚಾರ್ಜರ್, ಆಂಪ್ಲಿಫೈಯರ್‌ಗೂ ಲ್ಯಾಪ್‌ಟಾಪ್‌ಗೂ ಒಂದೇ ಸಾಕೆಟ್ ಪಟ್ಟಿ, ಉಪ್ಪು-ಇದ್ದಿಲು ತುಂಬಿ ನೀರುಣಿಸಿದ ಸರಿಯಾದ ಅರ್ಥಿಂಗ್ ಗುಂಡಿ. ಕೊನೆಯದು ಸಂಗೀತಕ್ಕಷ್ಟೇ ಅಲ್ಲ, ಮನೆಯವರ ಜೀವಕ್ಕೂ ಬೇಕಾದದ್ದು. ಡ್ಯಾಕ್‌ಗೆ ಆಪ್ಟಿಕಲ್ ಕಿಂಡಿಯಿದ್ದು ಮೂಲಯಂತ್ರದಲ್ಲೂ ಅದಿದ್ದರೆ ಅತ್ಯುತ್ತಮ. ಬೆಳಕಿನ ಎಳೆಯಲ್ಲಿ ವಿದ್ಯುತ್ತು ಹರಿಯುವುದೇ ಇಲ್ಲ. ಬ್ಯಾಟರಿಯ ಮೇಲಿರುವ ಫೋನು, ಅದಕ್ಕೊಂದು ಡಾಂಗಲ್, ಅದಕ್ಕೊಂದು ಇಯರ್‌ಫೋನ್ ಎಂಬ ಜೋಡಣೆಯಲ್ಲಿ ಭೂಮಿಗೆ ಸುತ್ತಿಬರುವ ದಾರಿಯೇ ಇರುವುದಿಲ್ಲ. ಆದ್ದರಿಂದ ಜೇಬಿನಲ್ಲಿಟ್ಟುಕೊಂಡು ಕೇಳುವವರಿಗೆ ಈ ಕಾಟ ಇಲ್ಲ, ಮೇಜಿನ ಮೇಲೆ ಸ್ಪೀಕರ್ ಇಟ್ಟು ಕೇಳುವವರಿಗೆ ಇದೆ.

ಅಂಕಿ, ವಾಲ್ಯೂಮ್, ಗಡಿಯಾರ, ವಿದ್ಯುತ್ತು ಈ ನಾಲ್ಕೂ ಸರಿಯಿದ್ದ ಮೇಲೂ ವ್ಯತ್ಯಾಸ ಕೇಳುತ್ತದೆ ಎನ್ನುವವರಿಗೆ ಉಳಿಯುವ ದಾರಿ ಕಣ್ಣು ಕಟ್ಟಿದ ಪರೀಕ್ಷೆ. ಎರಡೂ ಕಡೆಯ ಸದ್ದನ್ನು ಮೀಟರ್ ಹಿಡಿದು 0.1 ಡೆಸಿಬಲ್‌ನೊಳಗೆ ಸರಿಹೊಂದಿಸಬೇಕು, ಯಾವುದು ಹಾಡುತ್ತಿದೆ ಎಂಬುದು ಕೇಳುವವರಿಗೂ ಬದಲಿಸುವವರಿಗೂ ತಿಳಿದಿರಬಾರದು. ಮೇಯರ್ ಮತ್ತು ಮೊರಾನ್ 2007ರಲ್ಲಿ ಪ್ರಕಟಿಸಿದ ಇಂಥ ಪರೀಕ್ಷೆಯಲ್ಲಿ ಉನ್ನತ ದರ್ಜೆಯ ಧ್ವನಿಯ ನಡುವೆ ಸಿ.ಡಿ. ಮಟ್ಟಕ್ಕೆ ಇಳಿಸುವ ಘಟ್ಟವೊಂದನ್ನು ಸೇರಿಸಲಾಗಿತ್ತು. 554 ಪ್ರಯತ್ನಗಳಲ್ಲಿ ಸರಿಯಾಗಿ ಗುರುತಿಸಿದ್ದು ಶೇ 49.8, ನಾಣ್ಯ ಚಿಮ್ಮಿ ಹೇಳಿದ್ದರೂ ಅಷ್ಟೇ ಬರುತ್ತಿತ್ತು. 2016ರಲ್ಲಿ ಜೋಶುವಾ ರೈಸ್ 18 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಅದು ಶೇ 52.3 ಆಯಿತು, ವ್ಯತ್ಯಾಸ ಇದ್ದರೂ ಅತಿ ಸಣ್ಣದು, ತರಬೇತಿ ಪಡೆದ ಕಿವಿಗಳಿಗೆ ಮಾತ್ರ ತುಸು ಹೆಚ್ಚು. ಧ್ವನಿಯ ದರ್ಜೆಯನ್ನೇ ಬದಲಿಸಿದಾಗ ಹೀಗಾದರೆ, ಅದೇ ಅಂಕಿಗಳನ್ನು ಬೇರೆ ಯಂತ್ರದಿಂದ ಕಳಿಸುವುದರ ಪರಿಣಾಮ ಎಷ್ಟೆಂದು ಊಹಿಸಬಹುದು.

ಕಡತ ಎಂಥದ್ದು ಎಂಬುದರಿಂದ ಆಗುವ ವ್ಯತ್ಯಾಸ ಇವೆಲ್ಲಕ್ಕಿಂತ ದೊಡ್ಡದು, ಮತ್ತು ಕನ್ನಡದ ಕೇಳುಗರು ಹೆಚ್ಚು ಗಮನ ಕೊಡಬೇಕಾದದ್ದು ಅಲ್ಲಿಗೇ. ನಿಸಾರ್ ಅಹಮದರ ಕವನಗಳಿಗೆ ಮೈಸೂರು ಅನಂತಸ್ವಾಮಿ ಸ್ವರ ಹಾಕಿದ ‘ನಿತ್ಯೋತ್ಸವ’ 1978ರಲ್ಲಿ ಬಂದದ್ದು ಕ್ಯಾಸೆಟ್ಟಿನಲ್ಲಿ. ಮನೆಯ ಕ್ಯಾಸೆಟ್ಟಿನಲ್ಲಿ ಸದ್ದಿಗೂ ಹಿಸ್ ಎಂಬ ಹಿನ್ನೆಲೆಗೂ ನಡುವೆ ಸಿಗುವ ಅಂತರ ಸುಮಾರು 50ರಿಂದ 60 ಡೆಸಿಬಲ್, ಸಿ.ಡಿ.ಯದು 96. ಆ ಕಾಲದ ಕ್ಯಾಸೆಟ್ಟಿನಿಂದ ಇಳಿಸಿಕೊಂಡ ಹಾಡನ್ನು 192 ಕಿಲೋಹರ್ಟ್ಸ್ ಕಡತವಾಗಿಸಿ ದುಬಾರಿ ಡ್ಯಾಕ್‌ನಲ್ಲಿ ಕೇಳಿದರೆ ಹಿಸ್ ಸದ್ದಷ್ಟೇ ನಿಚ್ಚಳವಾಗುತ್ತದೆ. ಅದೇ ಹಾಡಿನ ಮೂಲ ಟೇಪಿನಿಂದ ಎಚ್ಚರಿಕೆಯಿಂದ ತೆಗೆದ ಪ್ರತಿ ಸಿಕ್ಕರೆ ಸಾಧಾರಣ ಡಾಂಗಲ್‌ನಲ್ಲೂ ಹಾರ್ಮೋನಿಯಂ, ತಬಲಾ, ಕಂಠ ಒಂದೊಂದೂ ತನ್ನ ಜಾಗದಲ್ಲಿ ನಿಲ್ಲುತ್ತವೆ. ಯೂಟ್ಯೂಬ್‌ನಲ್ಲಿ ಒಂದೇ ಹಾಡಿಗೆ ಹತ್ತು ಪ್ರತಿಗಳಿರುತ್ತವೆ, ಅವುಗಳಲ್ಲಿ ಎಷ್ಟೋ ಪ್ರತಿಯ ಪ್ರತಿಗಳು. ಹಕ್ಕುದಾರ ಕಂಪನಿಯೇ ಹಾಕಿದ್ದನ್ನು ಮೊದಲು ಹುಡುಕುವುದು ಒಳ್ಳೆಯದು. ಆಪಲ್ ಮ್ಯೂಸಿಕ್ 2021ರಿಂದ, ಸ್ಪಾಟಿಫೈ 2025ರಿಂದ ನಷ್ಟವಿಲ್ಲದ ಕಡತಗಳನ್ನು ಕೊಡುತ್ತಿವೆ. ಬ್ಲೂಟೂತ್ ಇಯರ್‌ಫೋನಿನವರಿಗೆ ಅದು ಸಾಮಾನ್ಯವಾಗಿ ಹಾಗೆಯೇ ತಲುಪುವುದಿಲ್ಲ: ಎಲ್‌ಡ್ಯಾಕ್ ಎಂಬ ಬ್ಲೂಟೂತ್ ಕೋಡೆಕ್‌ನ ಗರಿಷ್ಠ ಮಟ್ಟವೂ ಸೆಕೆಂಡಿಗೆ 990 ಕಿಲೋಬಿಟ್, ಸಿ.ಡಿ.ಗೆ ಬೇಕಾದ 1,411ಕ್ಕಿಂತ ಕಡಿಮೆ. ಅಲ್ಲಿ ಡ್ಯಾಕ್ ಇರುವುದು ಇಯರ್‌ಫೋನಿನ ಒಳಗೇ, ಆದ್ದರಿಂದ ಫೋನಿಗೆ ಡಾಂಗಲ್ ಸಿಕ್ಕಿಸಿದರೂ ಪ್ರಯೋಜನವಿಲ್ಲ.